ಗಿರಣಿ ಬೆಲ್ಟಿನ ಜಮಾಖರ್ಚು

ಸಣ್ಣ ಪುಲ್ಲಿ ಓಡುತ್ತದೆ, ದೊಡ್ಡ ಪುಲ್ಲಿ ದುಡಿಯುತ್ತದೆ. ನಡುವೆ ಇರುವುದು ರಬ್ಬರಿನ ಪಟ್ಟಿ ಮಾತ್ರ. ಹಾಗಿದ್ದರೂ ಮೋಟರು ಕೊಟ್ಟ ತಿರುಗುಬಲ ಕಲ್ಲಿನ ಹತ್ತಿರ ಬರುವಷ್ಟರಲ್ಲಿ ಇಮ್ಮಡಿಯಾಗಿರುತ್ತದೆ! ಆ ಹೆಚ್ಚುವರಿ ಬಲ ಕೊಟ್ಟವರು ಯಾರು? ಆಯುಧಪೂಜೆಗೆಂದು ನಿಂತ ಗಿರಣಿಯಲ್ಲಿ ಎದ್ದ ಪ್ರಶ್ನೆಯ ಬೆನ್ನು ಹತ್ತಿ.

ಆಯುಧಪೂಜೆಯ ಹಿಂದಿನ ಸಂಜೆ. ಸಂತೆ ಮೈದಾನದ ಮೂಲೆಯಲ್ಲಿರುವ ಹಿಟ್ಟಿನ ಗಿರಣಿಗೆ ವರ್ಷಕ್ಕೊಮ್ಮೆಯ ಸ್ನಾನ ನಡೆದಿತ್ತು. ಗೋಡೆ, ತೊಲೆ, ತೂಕದ ಯಂತ್ರ, ಸ್ವಿಚ್ಚಿನ ಪೆಟ್ಟಿಗೆ ಎಲ್ಲಕ್ಕೂ ಮೆತ್ತಿಕೊಂಡಿದ್ದ ಹಿಟ್ಟಿನ ಧೂಳನ್ನು ಪೊರಕೆಯಿಂದ ಉದುರಿಸುತ್ತಿದ್ದರು. ಹೊಸ್ತಿಲ ಬಳಿ ಚೆಂಡುಹೂವಿನ ರಾಶಿ, ಎರಡು ಬಾಳೆಕಂದು, ಒಂದು ಬೂದುಗುಂಬಳಕಾಯಿ. ರಾಗಿ ಬೀಸಿಸಲು ಬಂದ ಹೆಂಗಸೊಬ್ಬರಿಗೆ ಒಳಗಿನಿಂದಲೇ ಉತ್ತರ ಹೋಯಿತು: “ಇವತ್ತಾಗಲ್ಲ ಅಕ್ಕಾ, ಬೆಲ್ಟು ಬಿಚ್ಚಿಬಿಟ್ಟಿದೀವಿ. ಪೂಜೆ ಮುಗೀಲಿ.”

ಬಿಚ್ಚಿದ ಮೂರು ಬೆಲ್ಟುಗಳು ಗೋಡೆಯ ಮೊಳೆಗೆ ತೂಗುತ್ತಿದ್ದವು. ದಿನವೂ ಗಿರಗಿರನೆ ತಿರುಗಿ ಕಣ್ಣಿಗೆ ಬರೀ ಮಬ್ಬಾಗಿ ಕಾಣುವ ಎರಡು ಪುಲ್ಲಿಗಳು ಅಂದು ಬರಿಮೈಯಲ್ಲಿ ನಿಂತಿದ್ದವು. ಮೋಟರಿನ ಮೂತಿಗೆ 5 ಇಂಚಿನದು, ಕಲ್ಲಿನ ಶಾಫ್ಟಿಗೆ 10 ಇಂಚಿನದು. ತಂದೆಯಿಂದ ಗಿರಣಿ ವಹಿಸಿಕೊಂಡ ಹುಡುಗ ದೊಡ್ಡ ಪುಲ್ಲಿಗೆ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಬೆರಳೊರೆಸಿಕೊಳ್ಳುತ್ತ ಕೇಳಿದ:

“ಮೋಟರ್ ಕಡೆಗೆ ಸಣ್ಣ ಪುಲ್ಲಿ, ಕಲ್ಲಿನ ಕಡೆಗೆ ದೊಡ್ಡದು ಹಾಕಿದ್ರೆ ಬಲ ಡಬಲ್ ಆಗುತ್ತೆ ಅಂತ ಅಪ್ಪ ಹೇಳ್ತಿದ್ರು. ಆಗೋದು ನಿಜ, ದಿನಾ ನೋಡ್ತೀನಲ್ಲ. ಆದ್ರೆ ಮೋಟರ್ ಕೊಟ್ಟಿದ್ದು ಅರ್ಧ ತಾನೆ ಸಾರ್? ಇನ್ನರ್ಧ ಎಲ್ಲಿಂದ ಬಂತು?”

ಬಹಳ ಒಳ್ಳೆಯ ಪ್ರಶ್ನೆ ಇದು. ಪುಲ್ಲಿಗಳ ಅನುಪಾತದ ಸೂತ್ರ ಬಾಯಿಪಾಠವಿದ್ದವರೂ ಇಲ್ಲಿ ಒಂದು ಗಳಿಗೆ ತಡವರಿಸುತ್ತಾರೆ. “ವೇಗ ಅರ್ಧವಾಯಿತು, ಅದಕ್ಕೇ ಬಲ ಎರಡರಷ್ಟಾಯಿತು” ಎನ್ನುವುದು ಸರಿಯಾದ ಉತ್ತರವೇ. ಆದರೆ ಅದು ಎಷ್ಟು ಬಂತೆಂದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಹುಡುಗ ಕೇಳಿದ್ದು ಎರಡನೆಯದನ್ನು.

ಗೂಟದ ಜಾಗ

ಗಿರಣಿಗಿಂತ ಮೊದಲು ಮನೆಮನೆಯಲ್ಲಿ ಬೀಸುಕಲ್ಲಿತ್ತು. ಅದರ ಹಿಡಿಗೂಟ ಇರುತ್ತಿದ್ದದ್ದು ಮೇಲುಗಲ್ಲಿನ ಅಂಚಿನಲ್ಲಿ. ನಡುವಿನ ಕೀಲಿನ ಪಕ್ಕದಲ್ಲೇ ಗೂಟ ನೆಟ್ಟಿದ್ದರೆ ಎಂಥ ಗಟ್ಟಿಗಿತ್ತಿಯೂ ಕಲ್ಲನ್ನು ಒಂದು ಸುತ್ತು ತಿರುಗಿಸಲು ಒದ್ದಾಡಬೇಕಿತ್ತು. ಕೈಯ ಬಲ ಅಷ್ಟೇ ಇದ್ದರೂ ಅದು ಕೀಲಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಕಲ್ಲು ತಿರುಗುವುದು ನಿಂತಿದೆ. ಬಲವನ್ನು ಆ ದೂರದಿಂದ ಗುಣಿಸಿದರೆ ಸಿಗುವುದೇ ಟಾರ್ಕ್, ಅಂದರೆ ತಿರುಗುಬಲ. ಅದರ ಅಳತೆ ನ್ಯೂಟನ್-ಮೀಟರ್.

ಕೆಲಸ ಅಥವಾ ಶಕ್ತಿಯನ್ನೂ ಬಲವನ್ನು ದೂರದಿಂದ ಗುಣಿಸಿಯೇ ಅಳೆಯುತ್ತೇವೆ. ಗೊಂದಲ ಹುಟ್ಟುವುದು ಇಲ್ಲಿಯೇ. ಟಾರ್ಕಿನ ದೂರ ಕೀಲಿನಿಂದ ಗೂಟದವರೆಗಿನ ಅಂತರ; ಅದು ಕಲ್ಲು ನಿಂತಿರುವಾಗಲೂ ಇರುತ್ತದೆ. ಕೆಲಸದ ದೂರ ಗೂಟ ಸಾಗಿದ ದಾರಿ. ಕಲ್ಲು ಅಲುಗದಿದ್ದರೆ ಅದು ಸೊನ್ನೆ.

ಹಸಿ ಜೋಳ ಸುರಿದು ಕಲ್ಲು ಕಚ್ಚಿಕೊಂಡಾಗ ಗಿರಣಿಯಲ್ಲಿ ಏನಾಗುತ್ತದೆ? ಮೋಟರು ಗೂಂಯ್ ಎನ್ನುತ್ತ ನಿಂತುಬಿಡುತ್ತದೆ. ಆಗ ಶಾಫ್ಟಿನಲ್ಲಿ ಟಾರ್ಕ್ ತುಂಬಿ ತುಳುಕುತ್ತಿರುತ್ತದೆ, ಆದರೆ ಕಲ್ಲಿಗೆ ಒಂದು ಜೂಲ್ ಕೆಲಸವೂ ಮುಟ್ಟುವುದಿಲ್ಲ. ತಂತಿಯಿಂದ ಬರುವ ವಿದ್ಯುತ್ತು ಸುರುಳಿಗಳಲ್ಲೇ ಶಾಖವಾಗುತ್ತದೆ. ಕೂಡಲೇ ಸ್ವಿಚ್ ಆರಿಸದಿದ್ದರೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಬಡಿಯುತ್ತದೆ.

ಅಂಕಿಗಳನ್ನು ಹಚ್ಚಿ ನೋಡೋಣ

ಮೋಟರಿನ ಮೇಲಿನ ತಗಡಿನಲ್ಲಿ 10 ಎಚ್‌ಪಿ, 1440 ಆರ್‌ಪಿಎಂ ಎಂದಿತ್ತು. ಒಂದು ಅಶ್ವಶಕ್ತಿ ಎಂದರೆ ಸೆಕೆಂಡಿಗೆ ಸುಮಾರು 76 ಕಿಲೋ ತೂಕವನ್ನು ಒಂದು ಮೀಟರ್ ಎತ್ತುವ ತಾಕತ್ತು, 746 ವಾಟ್. ಹತ್ತು ಎಚ್‌ಪಿ ಎಂದರೆ ಏಳೂವರೆ ಕಿಲೋವಾಟಿಗೆ ತುಸು ಕಡಿಮೆ. ಇಡೀ ದಿನ ದಣಿಯದೆ ದುಡಿಯಬೇಕಾದ ಮನುಷ್ಯನ ದೇಹ ನಿರಂತರವಾಗಿ ಕೊಡಬಲ್ಲದ್ದು ಸುಮಾರು 75 ವಾಟ್. ಅಂದರೆ ಮೂಲೆಯಲ್ಲಿ ಕೂತ ಆ ಕಬ್ಬಿಣದ ಉಂಡೆ ನೂರು ಜನರ ರಟ್ಟೆಗೆ ಸಮ. ಬೆಳಗಿನ ಜಾವ ಎದ್ದು ಮನೆಮಂದಿಗೆಲ್ಲ ಬೀಸುತ್ತಿದ್ದ ಹೆಣ್ಣುಮಕ್ಕಳ ತೋಳಿನಿಂದ ಎಷ್ಟು ಭಾರ ಇಳಿಯಿತು ಎನ್ನುವುದು ಈ ಅಂಕಿಯಲ್ಲಿದೆ. ಯಂತ್ರಕ್ಕೆ ಕುಂಕುಮ ಇಡುವ ಹಬ್ಬ ನನಗೆ ಪ್ರಿಯವಾಗಿರುವುದು ಈ ಕಾರಣಕ್ಕೇ.

ನಿಮಿಷಕ್ಕೆ 1440 ಸುತ್ತಿನಲ್ಲಿ ಹತ್ತು ಎಚ್‌ಪಿ ಕೊಡಬೇಕಾದರೆ ಶಾಫ್ಟಿನ ಟಾರ್ಕ್ ಸುಮಾರು 50 ನ್ಯೂಟನ್-ಮೀಟರ್ ಇರಬೇಕು. ಪುಲ್ಲಿಯ ತ್ರಿಜ್ಯ ಎರಡೂವರೆ ಇಂಚು, ಅಂದರೆ 6.35 ಸೆಂ.ಮೀ. ಭಾಗಿಸಿದರೆ ಬೆಲ್ಟಿನ ಮೇಲೆ ಬೀಳುವ ನಿವ್ವಳ ಎಳೆತ ಸುಮಾರು 780 ನ್ಯೂಟನ್. ನಮ್ಮ ಲೆಕ್ಕದಲ್ಲಿ 80 ಕಿಲೋ ತೂಕದಷ್ಟು. ಆ ಬೆಲ್ಟು ಸೆಕೆಂಡಿಗೆ 9.6 ಮೀಟರ್ ಓಡುತ್ತದೆ.

ಅದೇ ಬೆಲ್ಟು, ಅದೇ 80 ಕಿಲೋ ಎಳೆತ, ಅದೇ ವೇಗ ದೊಡ್ಡ ಪುಲ್ಲಿಗೂ ಮುಟ್ಟುತ್ತದೆ. ಅಲ್ಲಿ ತ್ರಿಜ್ಯ ಐದು ಇಂಚು. ಹಾಗಾಗಿ ಟಾರ್ಕ್ 100 ನ್ಯೂಟನ್-ಮೀಟರ್, ಸುತ್ತು ನಿಮಿಷಕ್ಕೆ 720.

ಇನ್ನು ಖಾತೆ ಪುಸ್ತಕ ತೆರೆಯೋಣ. ಮೋಟರು ಒಂದು ಸುತ್ತು ತಿರುಗಿದಾಗ ಮಾಡುವ ಕೆಲಸ 314 ಜೂಲ್. ಕಲ್ಲು ಒಂದು ಸುತ್ತು ಬರಲು ಮೋಟರು ಎರಡು ಸುತ್ತು ಬರಬೇಕು, ಅಂದರೆ ಜಮೆ 628 ಜೂಲ್. ಕಲ್ಲಿನ ಒಂದು ಸುತ್ತಿಗೆ 100 ನ್ಯೂಟನ್-ಮೀಟರಿನ ಲೆಕ್ಕದಲ್ಲಿ ಖರ್ಚು ಎಷ್ಟು? ಅದೂ 628 ಜೂಲ್. ಸದ್ಯಕ್ಕೆ ಘರ್ಷಣೆಯ ಸೋರಿಕೆಯನ್ನು ಬದಿಗಿಟ್ಟರೆ ಎರಡು ಕಾಲಂಗಳೂ ತಾಳೆಯಾಗುತ್ತವೆ. ಶಕ್ತಿಯ ಪುಟದಲ್ಲಿ ಒಂದು ಪೈಸೆಯೂ ಹೆಚ್ಚಿಲ್ಲ. ಟಾರ್ಕಿನ ಪುಟದಲ್ಲಿ ಮಾತ್ರ 50 ಕೊಟ್ಟು 100 ಪಡೆದಂತೆ ಕಾಣುತ್ತದೆ.

ಬೇಗ ಬೀಸಿ ಮುಗಿಸಬೇಕೆಂಬ ಆಸೆಗೆ ಕೆಲವರು ಮೋಟರಿಗೆ 6 ಇಂಚಿನ ಪುಲ್ಲಿ ಹಾಕಿಸುತ್ತಾರೆ. ಕಲ್ಲು 720ರಿಂದ 864 ಸುತ್ತಿಗೆ ಏರುತ್ತದೆ. ಆದರೆ ಕಲ್ಲು ಕೇಳುವ 100 ನ್ಯೂಟನ್-ಮೀಟರ್ ಹಾಗೇ ಉಳಿದರೆ ಮೋಟರು ಈಗ 50ರ ಬದಲು 60 ಕೊಡಬೇಕು, ಅದೂ ಅದೇ 1440 ಸುತ್ತಿನಲ್ಲಿ. ಹತ್ತು ಎಚ್‌ಪಿ ಮೋಟರಿನಿಂದ ಹನ್ನೆರಡು ಎಚ್‌ಪಿ ಕೇಳಿದ ಹಾಗಾಯಿತು. ಮೋಟರು ಕಾಯುತ್ತದೆ, ಓವರ್‌ಲೋಡ್ ರಿಲೇ ಮತ್ತೆ ಮತ್ತೆ ಕಳಚಿಕೊಳ್ಳುತ್ತದೆ, ಹಿಟ್ಟೂ ಬಿಸಿಯಾಗಿ ಬೀಳುತ್ತದೆ.

ಇನ್ನರ್ಧ ಕೊಟ್ಟದ್ದು ನೆಲ

ಹುಡುಗನ ಪ್ರಶ್ನೆ ಇನ್ನೂ ಹಾಗೇ ಇದೆ. ಉತ್ತರ ಕಾಣಲು ಬೆಲ್ಟನ್ನು ಪಕ್ಕದಿಂದ ನೋಡಬೇಕು.

ಎರಡು ಪುಲ್ಲಿಗಳೂ ಒಂದೇ ಗಾತ್ರದವಾದರೆ ಬೆಲ್ಟಿನ ಮೇಲಿನ ಎಳೆ, ಕೆಳಗಿನ ಎಳೆ ಸಮಾನಾಂತರವಾಗಿ ಸಾಗುತ್ತವೆ. ಒಂದು ಸಣ್ಣದು, ಒಂದು ದೊಡ್ಡದಾದಾಗ ಎರಡೂ ಎಳೆಗಳು ಸ್ವಲ್ಪ ಓರೆಯಾಗುತ್ತವೆ. ದೊಡ್ಡದರ ಕಡೆ ಅಗಲ, ಸಣ್ಣದರ ಕಡೆ ಕಿರಿದು. ನಮ್ಮ ಗಿರಣಿಯಲ್ಲಿ ಎರಡು ಶಾಫ್ಟುಗಳ ನಡುವೆ 1.2 ಮೀಟರ್ ಅಂತರ ಎಂದಿಟ್ಟುಕೊಂಡರೆ ಆ ಓರೆ ಮೂರು ಡಿಗ್ರಿ. ಕಣ್ಣಿಗೆ ಎದ್ದು ಕಾಣದಷ್ಟು ಕಡಿಮೆ.

ಓಡುವ ಬೆಲ್ಟಿನಲ್ಲಿ ಒಂದು ಎಳೆ ಬಿಗಿ, ಇನ್ನೊಂದು ಸಡಿಲ. ನಾವು ಹೇಳಿದ 80 ಕಿಲೋ ಎಂದರೆ ಈ ಎರಡರ ನಡುವಿನ ವ್ಯತ್ಯಾಸ. ಬಿಗಿ ಎಳೆ ತನ್ನ ಓರೆಯಲ್ಲಿ ಪುಲ್ಲಿಯನ್ನು ಒಂದು ಪಕ್ಕಕ್ಕೆ ಎಳೆದರೆ ಸಡಿಲ ಎಳೆ ಎದುರು ಪಕ್ಕಕ್ಕೆ ಎಳೆಯುತ್ತದೆ. ಎಳೆತ ಸಮ ಇಲ್ಲದ್ದರಿಂದ ಅವು ಪೂರ್ತಿ ವಜಾ ಆಗುವುದಿಲ್ಲ. ಉಳಿಯುವುದು ಸುಮಾರು ನಾಲ್ಕು ಕಿಲೋ ಚಿಲ್ಲರೆ. ಅಷ್ಟು ಬಲ ಒಂದು ಶಾಫ್ಟಿನ ಬೇರಿಂಗನ್ನು ಮೇಲಕ್ಕೆ ನೂಕುತ್ತದೆ, ಇನ್ನೊಂದರ ಬೇರಿಂಗನ್ನು ಕೆಳಕ್ಕೆ ಒತ್ತುತ್ತದೆ.

ನಾಲ್ಕು ಕಿಲೋ ಚಿಲ್ಲರೆಯನ್ನು 1.2 ಮೀಟರ್ ಅಂತರದಿಂದ ಗುಣಿಸಿ ನೋಡಿ. ಬರುವುದು 50 ನ್ಯೂಟನ್-ಮೀಟರ್. ಕಾಣೆಯಾಗಿದ್ದ ಇನ್ನರ್ಧ ಇದೇ! ಯಾವ ಗಾತ್ರದ ಪುಲ್ಲಿ, ಎಷ್ಟು ಅಂತರ ಹಿಡಿದರೂ ಈ ಲೆಕ್ಕ ಕೂದಲೆಳೆಯೂ ತಪ್ಪದೆ ಹೊಂದುತ್ತದೆ.

ಹಾಗಾದರೆ ಆ ಬೇರಿಂಗುಗಳನ್ನು ಜಾಗದಲ್ಲಿ ಹಿಡಿದಿರುವವರು ಯಾರು? ಬೇರಿಂಗನ್ನು ಚೌಕಟ್ಟು, ಚೌಕಟ್ಟನ್ನು ಪಾಯದ ಬೋಲ್ಟು, ಬೋಲ್ಟನ್ನು ಕಾಂಕ್ರೀಟು, ಕಾಂಕ್ರೀಟನ್ನು ನೆಲ. ಮೋಟರು ಕೊಡದ ಅರ್ಧ ಟಾರ್ಕನ್ನು ಕೊಟ್ಟದ್ದು ಗಿರಣಿಯ ನೆಲ. ಬೋಲ್ಟು ಸಡಿಲವಾದ ಗಿರಣಿ ಯಾಕೆ ಕುಣಿಯುತ್ತದೆ ಎನ್ನುವುದಕ್ಕೆ ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಇದೂ ಒಂದು.

ಹಾಗಾದರೆ ನೆಲ ಶಕ್ತಿಯನ್ನೂ ಕೊಟ್ಟಿತೇ? ಇಲ್ಲ. ಬೇರಿಂಗಿನ ಮನೆ ಅಲುಗದೆ ನಿಂತಿದೆ. ಅಲುಗದ ಮೇಲೆ ಸಾಗಿದ ದೂರ ಸೊನ್ನೆ, ಕೆಲಸವೂ ಸೊನ್ನೆ. ಟಾರ್ಕನ್ನು ನೆಲದಿಂದ ಎಷ್ಟು ಬೇಕಾದರೂ ಕೈಗಡ ತರಬಹುದು. ಜೂಲುಗಳನ್ನು ಮಾತ್ರ ಕರೆಂಟಿನ ಬಿಲ್ಲು ಕಟ್ಟಿಯೇ ತರಬೇಕು. ಇದನ್ನು ಪುಲ್ಲಿಯ ಪಕ್ಕದಲ್ಲೇ ನಿಂತು ಹೇಳಿದಾಗ ಹುಡುಗ ಬಗ್ಗಿ ಮೋಟರಿನ ಬುಡದ ಬೋಲ್ಟುಗಳನ್ನು ಒಂದೊಂದಾಗಿ ಕೈಯಿಂದ ಅಲುಗಿಸಿ ನೋಡಿದ.

ಚೌಕಟ್ಟು: ಸಡಿಲ ಎಳೆ ಮೇಲಿರಲಿ
ಅಡ್ಡಡ್ಡಲಾಗಿ ಓಡುವ ಚಪ್ಪಟೆ ಬೆಲ್ಟಿನಲ್ಲಿ ಬಿಗಿ ಎಳೆ ಕೆಳಗೆ, ಸಡಿಲ ಎಳೆ ಮೇಲೆ ಬರುವಂತೆ ಮೋಟರನ್ನು ಕೂರಿಸುವುದು ಹಳೆಯ ರೂಢಿ. ಮೇಲಿನ ಸಡಿಲ ಎಳೆ ತನ್ನ ಭಾರಕ್ಕೆ ತುಸು ಜೋತಾಗ ಪುಲ್ಲಿಯನ್ನು ಇನ್ನಷ್ಟು ಅಪ್ಪುತ್ತದೆ. ಅಪ್ಪುಗೆ ಹೆಚ್ಚಿದಷ್ಟೂ ಜಾರುವುದು ಕಡಿಮೆ. ತಿರುಗುಮುರುಗು ಮಾಡಿದರೆ ಜೋಲು ಕೆಳಗೆ ಬಿದ್ದು ಅಪ್ಪುಗೆ ಸಡಿಲುತ್ತದೆ. ಬೆಲ್ಟನ್ನು ನಡುವೆ ಎಂಟರ ಅಂಕಿಯ ಹಾಗೆ ಹೆಣೆದು ಹಾಕಿದರೆ ಅಪ್ಪುಗೆ ಹೆಚ್ಚುವುದರ ಜೊತೆಗೆ ಎರಡನೆಯ ಪುಲ್ಲಿ ತದ್ವಿರುದ್ಧ ದಿಕ್ಕಿಗೆ ತಿರುಗುತ್ತದೆ.

ಮಲ್ಪೆಯ ಹಗ್ಗ, ಆಯ್ಲರನ ಸೂತ್ರ

ಇಷ್ಟೆಲ್ಲ ನಡೆಯುವುದು ಬೆಲ್ಟು ಪುಲ್ಲಿಯನ್ನು ಬಿಗಿಯಾಗಿ ಹಿಡಿದಾಗ ಮಾತ್ರ. ಹಲ್ಲಿಲ್ಲ, ಕೊಂಡಿಯಿಲ್ಲ, ಇರುವುದು ಘರ್ಷಣೆಯೊಂದೇ.

ಮಲ್ಪೆ ಬಂದರಿಗೆ ಹೋಗಿ ನಿಂತರೆ ಘರ್ಷಣೆಯ ಈ ಕರಾಮತ್ತು ಕಣ್ಣೆದುರೇ ಕಾಣುತ್ತದೆ. ದಡಕ್ಕೆ ಬಂದ ದೋಣಿಯ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ ತುದಿಯನ್ನು ಒಬ್ಬನೇ ಹಿಡಿದು ನಿಂತರೆ ಸಾಕು, ದೋಣಿ ನಿಲ್ಲುತ್ತದೆ. ಹಿಡಿತ ಸುತ್ತಿಗೆ ಸುತ್ತು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಗುಣಾಂಕ 0.3 ಇದ್ದರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 280 ಪಟ್ಟು ಮೀರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಗಣಿತ ಬಿಡಿಸಿಟ್ಟ. ಜರ್ಮನಿಯ ಇಂಜಿನಿಯರ್ ಐಟೆಲ್ವೈನ್ ಹೆಸರೂ ಸೇರಿ ಇದನ್ನು ಆಯ್ಲರ್-ಐಟೆಲ್ವೈನ್ ಸೂತ್ರ ಎನ್ನುತ್ತಾರೆ.

ಬೆಲ್ಟು ಪುಲ್ಲಿಯನ್ನು ಬಳಸುವುದು ಅರ್ಧ ಸುತ್ತು ಮಾತ್ರ. ನಮ್ಮ ಸಣ್ಣ ಪುಲ್ಲಿಯ ಮೇಲಂತೂ ಇನ್ನೂ ಕಡಿಮೆ, 174 ಡಿಗ್ರಿ. ಅದೇ 0.3 ಗುಣಾಂಕದ ಚಪ್ಪಟೆ ಬೆಲ್ಟಾದರೆ ಬಿಗಿ ಎಳೆಯ ಎಳೆತ ಸಡಿಲ ಎಳೆಯದಕ್ಕಿಂತ ಹೆಚ್ಚೆಂದರೆ ಎರಡೂವರೆ ಪಟ್ಟು ಇರಬಹುದು. ಅದನ್ನು ದಾಟಿದರೆ ಜಾರುತ್ತದೆ. ಆದ್ದರಿಂದ 80 ಕಿಲೋ ನಿವ್ವಳ ಎಳೆತ ಬೇಕೆಂದರೆ ಬಿಗಿ ಕಡೆ 133, ಸಡಿಲ ಕಡೆ 53 ಕಿಲೋ ಇಡಲೇಬೇಕು. ಎರಡೂ ಸೇರಿ 186 ಕಿಲೋ ಭಾರ ಶಾಫ್ಟುಗಳನ್ನು ಒಂದರತ್ತ ಒಂದು ಎಳೆಯುತ್ತಿರುತ್ತದೆ. ಹಳೆಯ ಗಿರಣಿಗಳಲ್ಲಿ ಬೇರಿಂಗು ಬೇಗ ಸವೆಯುತ್ತಿದ್ದದ್ದಕ್ಕೆ, ಬೆಲ್ಟಿಗೆ ಆಗಾಗ ರಾಳ ಬಳಿಯುತ್ತಿದ್ದದ್ದಕ್ಕೆ ಇದೇ ಕಾರಣ. ರಾಳ ಬಳಿದರೆ ಘರ್ಷಣೆಯ ಗುಣಾಂಕ ತುಸು ಏರುತ್ತದೆ.

ಈ ತೊಂದರೆ ನೀಗಿದ್ದು ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್. 1917ರಲ್ಲಿ ಅವರು ರಬ್ಬರು ಮತ್ತು ನೂಲು ಸೇರಿಸಿ ಬೆಣೆಯಾಕಾರದ ವಿ-ಬೆಲ್ಟ್ ತಂದರು. ಇದು ಪುಲ್ಲಿಯ ತಳದ ಮೇಲೆ ಕೂರುವುದಿಲ್ಲ, ಪುಲ್ಲಿಯ ಸುತ್ತ ಕೊರೆದ ಗಾಡಿಯ, ಅಂದರೆ ತೋಡಿನ, ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಒಳಕ್ಕೆ ಇಳಿದು ಗೋಡೆಗಳನ್ನು ಒತ್ತುತ್ತದೆ. ಗಾಡಿಯ ಕೋನ 40 ಡಿಗ್ರಿ ಆಸುಪಾಸಿನಲ್ಲಿದ್ದರೆ ಘರ್ಷಣೆ ಸುಮಾರು ಮೂರು ಪಟ್ಟಾದಂತೆ.

ಆ ಮೂರು ಪಟ್ಟು ಸೂತ್ರದೊಳಗೆ ಗುಣಾಕಾರವಾಗಿ ಕುಳಿತಾಗ ಬಿಗಿ-ಸಡಿಲದ ಅನುಪಾತ ಎರಡೂವರೆಯಿಂದ ಹದಿನಾಲ್ಕಕ್ಕೆ ಹಾರುತ್ತದೆ! ಅದೇ ಕೆಲಸಕ್ಕೆ ಈಗ ಬಿಗಿ ಕಡೆ 86 ಕಿಲೋ, ಸಡಿಲ ಕಡೆ 6 ಕಿಲೋ ಸಾಕು. ಶಾಫ್ಟಿನ ಮೇಲಿನ ಭಾರ 186ರಿಂದ ಸುಮಾರು 92ಕ್ಕೆ ಇಳಿಯಿತು. ಜಾರುವ ಅಂಚಿನ ಲೆಕ್ಕ ಇದು. ನಿಜ ಜೀವನದಲ್ಲಿ ಸ್ವಲ್ಪ ಹೆಚ್ಚು ಬಿಗಿ ಇಟ್ಟುಕೊಳ್ಳುತ್ತಾರೆ. ಆದರೂ ಪುಲ್ಲಿಯಲ್ಲಿ ಗಾಡಿ ಕೊರೆದದ್ದರಿಂದ ಇಷ್ಟು ಸಿಕ್ಕಿತು ಎಂದರೆ, ಯಂತ್ರ ಕಲೆಯಲ್ಲಿ ಇದಕ್ಕಿಂತ ಚೆಂದದ ಉಪಾಯ ನನಗೆ ಹೆಚ್ಚು ಗೊತ್ತಿಲ್ಲ.

ಚೌಕಟ್ಟು: ಬೆಲ್ಟು ದಿಣ್ಣೆ ಹತ್ತುತ್ತದೆ
ಚಪ್ಪಟೆ ಬೆಲ್ಟಿನ ಪುಲ್ಲಿಯನ್ನು ಸವರಿ ನೋಡಿದರೆ ನಡುಭಾಗ ಅಂಚಿಗಿಂತ ಕೊಂಚ ಉಬ್ಬಿರುವುದು ತಿಳಿಯುತ್ತದೆ. ಉಬ್ಬಿದ ಕಡೆಯಿಂದ ಬೆಲ್ಟು ಜಾರಿ ಬೀಳಬೇಕೆಂದು ತೋರಿದರೂ ಆಗುವುದು ಉಲ್ಟಾ. ಬೆಲ್ಟು ಒಂದು ಪಕ್ಕಕ್ಕೆ ಸರಿದಾಗ ಉಬ್ಬಿನ ಕಡೆಯ ಅಂಚು ಹೆಚ್ಚು ಹಿಗ್ಗಿ, ಮುಂದೆ ಬರುವ ಭಾಗ ಉಬ್ಬಿನತ್ತಲೇ ವಾಲುತ್ತದೆ. ಪ್ರತಿ ಸುತ್ತಿಗೂ ತುಸುತುಸುವೇ ಏರಿ ನಡುವಿಗೆ ಬಂದು ನಿಲ್ಲುತ್ತದೆ.

ಚರಕದಿಂದ ಶಿವನಸಮುದ್ರಕ್ಕೆ

ಬೆಲ್ಟಿನ ಬಳಗ ದೊಡ್ಡದು. ಚರಕದ ದೊಡ್ಡ ಗಾಲಿಯಿಂದ ಕದಿರಿಗೆ ಹೋಗುವ ದಾರ ಬೆಲ್ಟೇ. ಅಲ್ಲಿ ವ್ಯಾಪಾರ ತಿರುಗುಮುರುಗು: ಕೈ ಕೊಡುವ ಟಾರ್ಕನ್ನು ಬಿಟ್ಟುಕೊಟ್ಟು ಕದಿರಿಗೆ ವೇಗ ಕೊಳ್ಳುತ್ತೇವೆ. ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರದ ಚರ್ಮದ ಪಟ್ಟಿಯೂ ಅದೇ ಜಾತಿ. ವರ್ಕ್‌ಶಾಪಿನ ಬೆಂಚ್ ಡ್ರಿಲ್ಲಿನ ತಲೆಯ ಮುಚ್ಚಳ ಎತ್ತಿದರೆ ಮೆಟ್ಟಿಲು ಮೆಟ್ಟಿಲಾದ ಎರಡು ಪುಲ್ಲಿಗಳು ಕಾಣುತ್ತವೆ. ದಪ್ಪ ತೂತಿಗೆ ಬೆಲ್ಟನ್ನು ಒಂದು ಮೆಟ್ಟಿಲಿಗೆ, ಸಣ್ಣ ತೂತಿಗೆ ಇನ್ನೊಂದಕ್ಕೆ ದಾಟಿಸುವುದು ಅಲ್ಲಿ ಕೆಲಸ ಕಲಿಯುವ ಹುಡುಗರ ಮೊದಲ ಪಾಠಗಳಲ್ಲೊಂದು.

ಕಾರ್ಖಾನೆ ಯುಗದ ಮೊದಲ ಶತಮಾನದಲ್ಲಿ ಯಂತ್ರಕ್ಕೊಂದು ಮೋಟರು ಇರಲಿಲ್ಲ. ಇಡೀ ಕಟ್ಟಡಕ್ಕೆ ಒಂದೇ ನೀರುಗಾಲಿ ಅಥವಾ ಉಗಿಯಂತ್ರ. ಅದರ ಬಲ ಛಾವಣಿಯ ಕೆಳಗೆ ಉದ್ದಕ್ಕೂ ಹಾಯುವ ಶಾಫ್ಟಿಗೆ ಹೋಗಿ, ಅಲ್ಲಿಂದ ಒಂದೊಂದು ಮಗ್ಗಕ್ಕೆ, ಒಂದೊಂದು ಲೇತಿಗೆ ಬೆಲ್ಟಿನ ಮೂಲಕ ಇಳಿಯುತ್ತಿತ್ತು. ಅಮೆರಿಕದ ಲೋವೆಲ್ ಪಟ್ಟಣದಲ್ಲಿ ಪಾಲ್ ಮೂಡಿ 1828ರಲ್ಲಿ ಹತ್ತಿ ಗಿರಣಿಯ ಭಾರದ ಹಲ್ಲುಗಾಲಿಗಳನ್ನು ಬಿಟ್ಟು ಚರ್ಮದ ಬೆಲ್ಟುಗಳಿಂದ ಬಲ ಸಾಗಿಸಿದ ಮೇಲೆ ಈ ಪದ್ಧತಿ ಹರಡಿತು. ನಮ್ಮಲ್ಲೂ ಹತ್ತಿ ಗಿರಣಿಗಳು ಎದ್ದದ್ದು ಆ ಕಾಲದ ಕೊನೆಯಲ್ಲಿ. ಘಟಪ್ರಭೆಯ ನೀರಿನ ಬಲ ನಂಬಿ ಗೋಕಾಕ ಜಲಪಾತದ ಪಕ್ಕದಲ್ಲೇ ಗಿರಣಿ ಕಟ್ಟಿದ್ದು 1880ರ ದಶಕದಲ್ಲಿ.

ಜಲಪಾತದ ಪಕ್ಕದಲ್ಲೇ ಏಕೆ? ಬಲವನ್ನು ದೂರ ಒಯ್ಯುವ ದಾರಿ ಇರಲಿಲ್ಲ. ಬೆಲ್ಟಿನ ಕೈ ಕೆಲವೇ ಮೀಟರ್. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ನಿನಲ್ಲಿ ಹೈನ್ರಿಶ್ ಮೋಸರ್ 1866ರಲ್ಲಿ ರೈನ್ ನದಿಯ ಬಲವನ್ನು ಉಕ್ಕಿನ ಹಗ್ಗಗಳ ಮೂಲಕ ದಡದುದ್ದದ ಕಾರ್ಖಾನೆಗಳಿಗೆ ಹಂಚಿದ. ಅಂಥ ಹಗ್ಗಕ್ಕೂ ದೂರದ ಮಿತಿ ಇತ್ತು. ಪ್ರತಿ ತಿರುವು, ಪ್ರತಿ ಬೇರಿಂಗು ತನ್ನ ಪಾಲು ಮುರಿದುಕೊಳ್ಳುತ್ತಿತ್ತು.

ಆ ಮಿತಿಯನ್ನು ನಮ್ಮ ನಾಡಿನಲ್ಲಿ ಮುರಿದದ್ದು ಶಿವನಸಮುದ್ರ. 1902ರಲ್ಲಿ ಕಾವೇರಿಯ ಬಲ ತಂತಿಯ ಮೇಲೆ 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿಗೆ ತಲುಪಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದವು. ನದಿ ಪಕ್ಕದಲ್ಲಿ ಇಲ್ಲದಿದ್ದರೂ ಗಿರಣಿ ಹಾಕಬಹುದು ಎಂದಾಯಿತು. ನೂರಾರು ಕಿಲೋಮೀಟರ್ ದಾರಿಯನ್ನು ತಂತಿ ವಹಿಸಿಕೊಂಡಿತು. ಮೋಟರಿನಿಂದ ಕಲ್ಲಿನವರೆಗಿನ ಕೊನೆಯ ಒಂದೆರಡು ಮೀಟರ್ ಮಾತ್ರ ಇವತ್ತಿಗೂ ಬೆಲ್ಟಿನ ಪಾಲಿಗೇ ಉಳಿದಿದೆ.

ಸೆರಗು, ತಲೆಗೂದಲು, ಕಾಯ್ದೆ

ಬೆಲ್ಟಿಗೆ ಇನ್ನೊಂದು ಒಳ್ಳೆಯ ಗುಣವಿದೆ. ಕಲ್ಲಿನೊಳಗೆ ಬೋಲ್ಟೋ ಕಲ್ಲುಚೂರೋ ಬಿದ್ದು ಒಮ್ಮೆಗೇ ಕಚ್ಚಿಕೊಂಡರೆ ಬೆಲ್ಟು ಜಾರಿ ಕಿರುಚುತ್ತದೆ. ಹಲ್ಲುಗಾಲಿಯಾಗಿದ್ದರೆ ಹಲ್ಲು ಮುರಿಯುತ್ತಿತ್ತು, ಶಾಫ್ಟು ತಿರುಚುತ್ತಿತ್ತು. ಆ ಕಿರುಚಾಟ ಕೇಳಿ ಸ್ವಿಚ್ ಆರಿಸಲು ಒಂದೆರಡು ಸೆಕೆಂಡು ಸಿಗುತ್ತದೆ.

ಮನುಷ್ಯರಿಗೆ ಮಾತ್ರ ಆ ಕರುಣೆ ಇಲ್ಲ. ಸೆರಗು, ಜಡೆ, ಅಂಗಿಯ ತೋಳು ಬೆಲ್ಟಿಗೂ ಪುಲ್ಲಿಗೂ ನಡುವಿನ ಸಂದಿಗೆ ಸಿಕ್ಕರೆ 80 ಕಿಲೋ ಎಳೆತ ಸೆಕೆಂಡಿಗೆ ಒಂಬತ್ತೂವರೆ ಮೀಟರ್ ವೇಗದಲ್ಲಿ ಒಳಗೆಳೆಯುತ್ತದೆ. ಬೆಲ್ಟು ಜಾರುವಷ್ಟು ತಡೆಯನ್ನು ಮನುಷ್ಯನ ದೇಹ ಒಡ್ಡಲಾರದು. ಕೈ ಹಿಂದೆಗೆಯಲು ಸಮಯವೇ ಇರುವುದಿಲ್ಲ. ಸ್ವಿಚ್ ಆರಿಸಿದ ಮೇಲೂ ಅಪಾಯ ತೀರುವುದಿಲ್ಲ. 60 ಕಿಲೋ ತೂಕದ, 16 ಇಂಚು ಅಗಲದ ಕಲ್ಲು 720 ಸುತ್ತಿನಲ್ಲಿ ತಿರುಗುತ್ತಿದ್ದರೆ ಅದರೊಳಗೆ ಮೂರು ಸಾವಿರ ಜೂಲಿಗೂ ಮೀರಿದ ಶಕ್ತಿ ಕೂಡಿಟ್ಟಿರುತ್ತದೆ. ಆ ಕಲ್ಲನ್ನೇ ಐದು ಮೀಟರಿಗೂ ಮೇಲಿನಿಂದ ಬೀಳಿಸಿದಷ್ಟು. ಅದು ಖರ್ಚಾಗುವವರೆಗೂ ಪುಲ್ಲಿ ತಿರುಗುತ್ತಲೇ ಇರುತ್ತದೆ.

1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೆಲ್ಟನ್ನು ಕೆಲಸದ ಪುಲ್ಲಿಯಿಂದ ಸುಮ್ಮನೆ ತಿರುಗುವ ಪುಲ್ಲಿಗೆ ಸರಿಸಲು ಸರಿಯಾದ ಸಲಕರಣೆ ಇರಬೇಕು, ಬಳಸದ ಬೆಲ್ಟು ತಿರುಗುವ ಶಾಫ್ಟಿನ ಮೇಲೆ ಜೋತುಬಿದ್ದಿರಬಾರದು ಎಂದು ಅದರ 24ನೆಯ ಕಲಮು ಬಿಡಿಸಿ ಹೇಳಿತು. ಛಾವಣಿಯ ಕೆಳಗೆ ನೂರು ಬೆಲ್ಟು ಓಡುತ್ತಿದ್ದ ಕಾಲದ ಅನುಭವ ಆ ಸಾಲುಗಳಲ್ಲಿ ಉಳಿದುಕೊಂಡಿದೆ. ಆದರೆ ಒಂದಿಬ್ಬರು ದುಡಿಯುವ ಊರ ಗಿರಣಿ ಸಾಮಾನ್ಯವಾಗಿ ಆ ಕಾಯ್ದೆಯ ಲೆಕ್ಕದ ಕಾರ್ಖಾನೆ ಆಗಿರಲಿಲ್ಲ. ಅಲ್ಲಿ ಬೆಲ್ಟಿಗೆ ಜಾಲರಿ ಹಾಕಿಸಬೇಕಾದವರು ಗಿರಣಿಯ ಯಜಮಾನರೇ. ಹಿಟ್ಟಿನ ಡಬ್ಬಿ ಹಿಡಿದ ಮಕ್ಕಳು ಬೆಲ್ಟಿನ ಮಗ್ಗುಲಲ್ಲೇ ನಿಂತಿರುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಒಂದು ಚೂರು ಜಾಲರಿ, ನಾಲ್ಕು ಸ್ಕ್ರೂ. ಈ ಹಬ್ಬಕ್ಕೆ ಪುಲ್ಲಿಗೆ ಹೂ ಏರಿಸುವ ಮೊದಲು ಅದನ್ನು ಹಾಕಿಸಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ.

ಸೋರಿಕೆಯ ಪುಟ

ಆಗ ಬದಿಗಿಟ್ಟಿದ್ದ ಸೋರಿಕೆಯನ್ನು ಈಗ ಲೆಕ್ಕಕ್ಕೆ ತರಬೇಕು. ಚೆನ್ನಾಗಿ ಕೂರಿಸಿದ ವಿ-ಬೆಲ್ಟು ಮೋಟರು ಕೊಟ್ಟ ನೂರರಲ್ಲಿ ಸುಮಾರು 95 ಪಾಲನ್ನು ಕಲ್ಲಿಗೆ ಮುಟ್ಟಿಸುತ್ತದೆ. ಉಳಿದ ಐದು ಶಾಖವಾಗುತ್ತದೆ. ಬೆಲ್ಟು ಪುಲ್ಲಿಯ ಮೇಲೆ ಬಾಗುವಾಗ, ನೆಟ್ಟಗಾಗುವಾಗ, ಗಾಡಿಯೊಳಗೆ ಇಳಿದು ಹೊರಬರುವಾಗ ಒಂದಷ್ಟು ಹೋಗುತ್ತದೆ. ಬಿಗಿ ಎಳೆಯಲ್ಲಿ ಹಿಗ್ಗಿದ ರಬ್ಬರು ಸಡಿಲ ಎಳೆಗೆ ಬರುವಾಗ ಕುಗ್ಗಬೇಕಲ್ಲ, ಆ ಕುಗ್ಗುವಿಕೆ ಪುಲ್ಲಿಯ ಮೇಲೆಯೇ ನಡೆದು ಸಣ್ಣಗೆ ತೆವಳಿದಂತಾಗುತ್ತದೆ. ಹಾಗಾಗಿ ಕಲ್ಲು ನಿಜಕ್ಕೂ 720ಕ್ಕಿಂತ ಕೆಲವು ಸುತ್ತು ಕಡಿಮೆಯೇ ಬರುತ್ತದೆ.

ಹತ್ತು ಎಚ್‌ಪಿಯಲ್ಲಿ ನೂರಕ್ಕೆ ಐದು ಎಂದರೆ 370 ವಾಟ್ ಚಿಲ್ಲರೆ. ಎಂಟು ಗಂಟೆ ಓಡಿದರೆ ಸುಮಾರು ಮೂರು ಯೂನಿಟ್. ಬೆಲ್ಟು ಸಡಿಲಾಗಿ ಜಾರತೊಡಗಿದರೆ ಈ ಸೋರಿಕೆ ಇಮ್ಮಡಿಯಾಗುವುದು ಕಷ್ಟವಲ್ಲ. ಗಿರಣಿ ನಿಲ್ಲಿಸಿದ ಕೂಡಲೇ ಪುಲ್ಲಿಯ ಹತ್ತಿರ ಅಂಗೈ ಒಡ್ಡಿದರೆ ಬಿಸಿ ತಟ್ಟುತ್ತದೆ. ಮುಟ್ಟಲಾಗದಷ್ಟು ಕಾದಿದ್ದರೆ ಬೆಲ್ಟು ಜಾರುತ್ತಿದೆ ಎಂದು ತಿಳಿಯಬೇಕು.

ಚೌಕಟ್ಟು: ಬೆಲ್ಟಿನ ಮೇಲಿನ ಅಕ್ಷರ
ಬೆಲ್ಟಿನ ಬೆನ್ನ ಮೇಲೆ ಅಚ್ಚಾದ ‘ಬಿ’ ಎಂಬ ಅಕ್ಷರ ಅದರ ಅಡ್ಡಕೊಯ್ತದ ಗಾತ್ರ ಹೇಳುತ್ತದೆ. ‘ಬಿ’ ಎಂದರೆ ಮೇಲಗಲ 17 ಮಿ.ಮೀ. ಮುಂದಿನ ಅಂಕಿ ಒಳಸುತ್ತಿನ ಉದ್ದ, ಇಂಚಿನಲ್ಲಿ. ತೆಳುವಾದ ‘ಎ’ ಬೆಲ್ಟನ್ನು ‘ಬಿ’ ಗಾಡಿಗೆ ಹಾಕಿದರೆ ಅದು ತಳಕ್ಕೆ ಕೂತು, ಗೋಡೆಗಳ ಹಿಡಿತ ತಪ್ಪಿ, ಚಪ್ಪಟೆ ಬೆಲ್ಟಿನಂತೆ ಜಾರುತ್ತದೆ.

ಬಿಗಿ ನೋಡಲು ಉಪಕರಣ ಇಲ್ಲದಿದ್ದರೂ ನಡೆಯುತ್ತದೆ. ಗಿರಣಿ ನಿಲ್ಲಿಸಿ, ಫ್ಯೂಸು ತೆಗೆದು, ಎರಡು ಪುಲ್ಲಿಗಳ ನಡುಮಧ್ಯೆ ಬೆಲ್ಟನ್ನು ಬೆರಳಿಂದ ಒತ್ತಬೇಕು. ತಯಾರಕರು ಹೇಳಿದಷ್ಟು ಬಲದಲ್ಲಿ ಒತ್ತಿದಾಗ ಒಂದು ಮೀಟರ್ ಎಳೆಗೆ 16 ಮಿ.ಮೀ. ಸುಮಾರು ತಗ್ಗುವುದು ಸರಿಯಾದ ಅಳತೆ. ಅದಕ್ಕಿಂತ ಹೆಚ್ಚು ತಗ್ಗಿದರೆ ಸಡಿಲ, ಬೆರಳಿಗೆ ಜಗ್ಗದಿದ್ದರೆ ಬೇರಿಂಗಿಗೆ ಅಪಾಯ.

ಗೋಡೆಗೆ ತೂಗುತ್ತಿದ್ದ ಮೂರರಲ್ಲಿ ಒಂದರ ಅಂಚು ಎಳೆ ಬಿಚ್ಚಿಕೊಂಡಿತ್ತು. ಅದೊಂದನ್ನೇ ಬದಲಿಸಿದರೆ ಸಾಕಲ್ಲವೇ ಎಂದು ಹುಡುಗ ಕೇಳಿದ. ಸಾಲದು. ಹಳೆಯ ಎರಡು ದುಡಿದು ದುಡಿದು ಹಿಗ್ಗಿವೆ, ಹೊಸದು ಬಿಗಿಯಾಗಿರುತ್ತದೆ. ಪಕ್ಕದವು ಜೋಲುತ್ತಿರುವಾಗ 80 ಕಿಲೋ ಎಳೆತದ ಬಹುಪಾಲು ಹೊಸದೊಂದರ ಮೇಲೇ ಬಿದ್ದು ಅದು ಬೇಗ ಹರಿಯುತ್ತದೆ. ಮೂರನ್ನೂ ಒಂದೇ ತಯಾರಿಕೆಯ, ಒಂದೇ ಅಳತೆಯ ಜೊತೆಯಾಗಿ ಕೊಳ್ಳಬೇಕು. ಹಾಕುವಾಗ ಸ್ಕ್ರೂ ಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ತುಂಡಾಗುತ್ತದೆ, ಆದ್ದರಿಂದ ಮೋಟರನ್ನು ಹಳಿಯ ಮೇಲೆ ಮುಂದಕ್ಕೆ ಸರಿಸಿ ಬೆಲ್ಟು ತೊಡಿಸಬೇಕು. ಹೊಸ ಬೆಲ್ಟು ಮೊದಲ ದಿನದ ಓಟದಲ್ಲಿ ಗಾಡಿಗೆ ಒಗ್ಗಿ ಸ್ವಲ್ಪ ಹಿಗ್ಗುತ್ತದೆ. ಮಾರನೆಯ ಬೆಳಿಗ್ಗೆ ಮೊದಲ ರಾಗಿ ಚೀಲ ಸುರಿಯುವ ಮುಂಚೆ ಮೋಟರಿನ ನಾಲ್ಕು ಬೋಲ್ಟು ಸಡಿಲಿಸಿ, ಕೆಲವು ಮಿ.ಮೀ. ಹಿಂದಕ್ಕೆ ಸರಿಸಿ, ಎರಡು ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ಒಂದೇ ಗೆರೆಯಲ್ಲಿವೆಯೇ ನೋಡಿ, ಮತ್ತೆ ಬಿಗಿಯಬೇಕು.